ಹಣದುಬ್ಬರ ಇಳಿದರೆ ಸಾಮಾನು ಅಗ್ಗವಾಯಿತಾ?

ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳ ಪ್ರಬಂಧ ತಿದ್ದುವುದು ನನ್ನ ಕೆಲಸ. 'ಬೆಲೆ ಏರಿಕೆ' ಅಂತ ವಿಷಯ ಕೊಟ್ಟರೆ ಸಾಕು, ಅರ್ಧ ತರಗತಿ ಒಂದೇ ಸಾಲು ಇಳಿಸುತ್ತದೆ: ಹಣದುಬ್ಬರ ಇಳಿದಿದೆ, ಆದ್ದರಿಂದ ಸಾಮಾನು ಅಗ್ಗವಾಗಿದೆ. ಅಯ್ಯೋ! ಹಣದುಬ್ಬರ ಅಂದರೆ ಬೆಲೆ ಏರುವ ವೇಗ ಮಾರಾಯ್ರೆ. 100 ರೂಪಾಯಿಯದ್ದು ಒಂದು ವರ್ಷದಲ್ಲಿ 108 ಆಯಿತು, ಮರುವರ್ಷ 110. ಹಣದುಬ್ಬರ ಶೇ 8ರಿಂದ ಶೇ 2ರ ಹತ್ತಿರಕ್ಕೆ ಇಳಿಯಿತು, ನಿಜ. ಕಿಸೆಯಿಂದ ಹೋಗುವುದು ಜಾಸ್ತಿಯೇ ಅಲ್ವಾ?

ಮಕ್ಕಳನ್ನು ಸುಮ್ನೆ ಬೈದು ಏನು ಪ್ರಯೋಜನ? ಟಿವಿಯಲ್ಲಿ ಸುದ್ದಿ ಓದುವವರೇ ಹಾಗೆ ಹೇಳುತ್ತಾರೆ. ಅದೂ ದೇಶದ ಸರಾಸರಿ ಹಿಡಿದುಕೊಂಡು. 2025ರ ಜುಲೈಯಲ್ಲಿ ದೇಶದ ಹಣದುಬ್ಬರ ಶೇ 2ಕ್ಕಿಂತ ಕೆಳಗಿತ್ತು. ಅದೇ ತಿಂಗಳು ನಮ್ಮ ಕೇರಳದ್ದು ಶೇ 8 ದಾಟಿ, ರಾಜ್ಯಗಳಲ್ಲೇ ಮೊದಲಿತ್ತು. ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿತ್ತು. ಇಲ್ಲಿ ಅದಿಲ್ಲದೆ ಒಗ್ಗರಣೆ ಉಂಟಾ? ತೋಟ ಇದ್ದವರಿಗೆ ಲಾಭ ಆಯಿತು ಬಿಡಿ. ಅಂಗಡಿಯಿಂದ ತರುವವರ ಕಥೆ ಬೇರೆ. ಮನೆಯಲ್ಲಿ ಕಂಡದ್ದನ್ನೇ ಬರೆಯಿರಿ ಅಂದರೆ, "ಅದಕ್ಕೆ ಮಾರ್ಕ್ ಸಿಗ್ತದಾ ಟೀಚರ್?" ಅಂತ ಕೇಳುತ್ತವೆ.