ಈ ನಂಬರಿಗೆ ಹಾಯ್ ಹಾಕಿ

ನಮ್ಮ ಕೇಂದ್ರ ಸರ್ಕಾರ ಎಷ್ಟು ವಿನಯವಂತ ಅಂತ 2025ರ ಡಿಸೆಂಬರ್‌ನಲ್ಲಿ ನೋಡಿದಿರಲ್ವಾ? ಕಳೆದ ಫೋನ್ ಹುಡುಕೋಕೆ, ವಂಚನೆ ದೂರೋಕೆ ಅಂತ ಸರ್ಕಾರ ಮಾಡಿರುವ ಸಂಚಾರ್ ಸಾಥಿ ಆ್ಯಪ್ ಪ್ರತಿ ಹೊಸ ಫೋನಿನಲ್ಲೂ ಮೊದಲೇ ಇರಬೇಕು, ಅದರ ಕೆಲಸಕ್ಕೆ ಯಾರೂ ಅಡ್ಡಿ ಮಾಡುವಂತಿಲ್ಲ ಅಂತ ಕಂಪನಿಗಳಿಗೆ ಆದೇಶ ಹೋಗಿತ್ತು. 1ನೇ ತಾರೀಕು ಸುದ್ದಿ ಹೊರಬಿತ್ತು. 2ನೇ ತಾರೀಕು ಸಚಿವ ಜ್ಯೋತಿರಾದಿತ್ಯ ಸಿಂಧಿಯಾ, ಬೇಡವಾದರೆ ಡಿಲೀಟ್ ಮಾಡಿಕೊಳ್ಳಿ ಎಂದರು. 3ನೇ ತಾರೀಕು ಕಡ್ಡಾಯವೇ ಮಾಯ. ಜನ ಬೈದರು ಅಂತ ವಾಪಸ್ ತೆಗೆದುಕೊಂಡಿದ್ದಲ್ಲ. ಒಂದೇ ದಿನ 6 ಲಕ್ಷ ಜನ ತಾವಾಗಿಯೇ ಆ್ಯಪ್‌ಗೆ ಮುಗಿಬಿದ್ದರಂತೆ, ಇಷ್ಟು ಪ್ರೀತಿ ಇರುವಾಗ ಕಡ್ಡಾಯ ಯಾಕೆ ಅನ್ನಿಸಿತಂತೆ. ಹೆಣ್ಣಿನ ಕಡೆಯವರು ಒಲ್ಲೆ ಅಂದ ಮೇಲೆ, ಜಾತಕ ಜಾಸ್ತಿ ಬರ್ತಿದೆ, ನಾವೇ ಬಿಟ್ವಿ ಅನ್ನುವ ಗಂಡಿನ ತಾಯಿಯ ಮಾತಿನಂತಿತ್ತು ಆ ಪ್ರಕಟಣೆ.

ಈ ಗಲಾಟೆಯಲ್ಲಿ ಅದರ ಅವಳಿಯನ್ನು ಯಾರೂ ಸರಿಯಾಗಿ ನೋಡಲಿಲ್ಲ. 2025ರ ನವೆಂಬರ್ 28ರದ್ದೇ ಇನ್ನೊಂದು ಆದೇಶ. ವಾಟ್ಸ್ಆ್ಯಪ್, ಟೆಲಿಗ್ರಾಂ, ಸಿಗ್ನಲ್‌ನಂಥವು ಫೋನಿನಲ್ಲಿ ಅದೇ ಸಿಮ್ ಕಾರ್ಡ್ ಇದ್ದರೆ ಮಾತ್ರ ನಡೆಯಬೇಕು. ಕಂಪ್ಯೂಟರಿನಲ್ಲಿ ತೆರೆದ ವಾಟ್ಸ್ಆ್ಯಪ್ ವೆಬ್ ಆರು ಗಂಟೆಗೊಮ್ಮೆ ತಾನೇ ಲಾಗೌಟ್ ಆಗಬೇಕು. ಇದಕ್ಕೆ ಕಂಪನಿಗಳಿಗೆ 90 ದಿನ ಗಡುವು ಕೊಟ್ಟಿದ್ದರು.

ಇದನ್ನು ಬರೆದ ದೆಹಲಿಯ ಅಧಿಕಾರಿ ಮಂಡ್ಯದ ಜೆರಾಕ್ಸ್ ಅಂಗಡಿ ನೋಡಿಲ್ಲ, ಪಾಪ. ತಾಲ್ಲೂಕು ಕಚೇರಿಗೆ ಹೋಗುವವರಿಗೆಲ್ಲ ಇದು ಗೊತ್ತು. ಕೌಂಟರಿನ ಗಾಜಿಗೆ ಅಂಟಿಸಿದ ಚೀಟಿಯಲ್ಲಿ ಒಂದು ನಂಬರು. ಹುಡುಗ ತಲೆ ಎತ್ತದೆ ಹೇಳುತ್ತಾನೆ, 'ಅಣ್ಣ, ಈ ನಂಬರಿಗೆ ಹಾಯ್ ಹಾಕಿ.' ನೀವು ಹಾಯ್ ಹಾಕುತ್ತೀರಿ. ಹಿಂದೆಯೇ ಆಧಾರ್, ಪಹಣಿ, ಪಾಸ್‌ಬುಕ್ಕಿನ ಮೊದಲ ಪುಟ, ಅತ್ತೆಯ ಮರಣ ಪ್ರಮಾಣಪತ್ರ ಎಲ್ಲ ಹೋಗುತ್ತವೆ. ನಿಮ್ಮ ಫೋನಿನಿಂದ ಆ ಕಂಪ್ಯೂಟರಿನವರೆಗೆ ಅವು ಎಷ್ಟು ಭದ್ರ ಅಂದರೆ, ವಾಟ್ಸ್ಆ್ಯಪ್‌ನ ಒಡೆಯ ಮೆಟಾ ಕಂಪನಿಗೂ ಓದಲಾಗುವುದಿಲ್ಲ. ಆಮೇಲೆ ಸಾಲಿನಲ್ಲಿ ನಿಂತವರೆಲ್ಲ ಓದಬಹುದು. ಮಾನಿಟರ್ ರಸ್ತೆಗೇ ಮುಖ ಮಾಡಿದೆ. ನಿಮ್ಮ ಪಹಣಿ ಹುಡುಕುವಾಗ ಯಾರದೋ ಎಕ್ಸ್‌ರೇ, ಯಾರದೋ ವಿಚ್ಛೇದನದ ಅರ್ಜಿ, ಯಾರದೋ ಮಗಳ ಫೋಟೊ ಸರಸರ ಸರಿದು ಹೋಗುತ್ತವೆ. ಹಿಂದೆ ನಿಂತವರು, 'ಓ, ಇದು ನಮ್ಮೂರಿನೋರ್ದು' ಅನ್ನುತ್ತಾರೆ.

ಈಗ ಲೆಕ್ಕ ಹಾಕಿ. ಒಂಬತ್ತಕ್ಕೆ ಬಾಗಿಲು ತೆಗೆದ ಅಂಗಡಿಯಲ್ಲಿ ಮೂರು ಗಂಟೆಗೆ ಲಾಗೌಟ್. ಮತ್ತೆ ತೆರೆಯಲು ಓನರ್ ಫೋನಿನಿಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು. 'ಓನರ್ ಪಾಂಡವಪುರಕ್ಕೆ ಬೀಗರೂಟಕ್ಕೆ ಹೋಗವ್ರೆ ಅಣ್ಣ. ಫೋನೂ ಅವ್ರತ್ರನೇ ಐತೆ. ನಾಳೆ ಬನ್ನಿ.' ಬೀಗರೂಟಕ್ಕೆ ಹೋದವರು ಮೂರು ಗಂಟೆಗೆ ಎದ್ದು ಬಂದ ಉದಾಹರಣೆ ಮಂಡ್ಯ ಜಿಲ್ಲೆಯಲ್ಲಿ ಇಲ್ಲ. ಕಚೇರಿಯಲ್ಲಿ ಅಪರೂಪಕ್ಕೆ ಸೀಟಿನಲ್ಲಿದ್ದ ಗುಮಾಸ್ತರು ಐದೂವರೆಗೆ ಎದ್ದು ಹೋಗಿರುತ್ತಾರೆ.

ವಂಚನೆ ತಡೆಯೋಕೆ ಅಂತ ಸರ್ಕಾರ ಹೇಳುತ್ತದೆ. ವಂಚನೆ ಇರುವುದು ನಿಜ. ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ನಿವೃತ್ತ ಮೇಷ್ಟ್ರುಗಳ ಪಿಂಚಣಿ ದುಡ್ಡು ಕಿತ್ತುಕೊಳ್ಳುವ ಕಳ್ಳರು ಇದ್ದಾರೆ. ಅವರ ಹತ್ತಿರ ಕಂಡವರ ಹೆಸರಿನ ಸಿಮ್‌ಗಳು ರಾಶಿ ರಾಶಿ ಇರುತ್ತವೆ. ಸಿಮ್ ಫೋನಿನಲ್ಲೇ ಇರಬೇಕು ಅಂದರೆ ಇಡುತ್ತಾರೆ, ಅವರಿಗೇನು ಕಷ್ಟ?

ಇನ್ನು 2021ರ ಐಟಿ ನಿಯಮ. 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ಮೆಸೇಜ್ ಆ್ಯಪ್‌ಗಳು, ಆದೇಶ ಬಂದರೆ, ಒಂದು ಮೆಸೇಜನ್ನು ಮೊದಲು ಕಳಿಸಿದ್ದು ಯಾರು ಅಂತ ಹೇಳಬೇಕಂತೆ. ಮೈಸೂರಿನಲ್ಲಿ! ಒಂದೇ ಚಿರತೆಯ ವಿಡಿಯೊ ಕುವೆಂಪುನಗರದ ಗುಂಪಿನಲ್ಲಿ ಕುವೆಂಪುನಗರದ ಚಿರತೆ, ವಿಜಯನಗರದ ಗುಂಪಿನಲ್ಲಿ ವಿಜಯನಗರದ ಚಿರತೆ. ಶ್ರೀರಾಂಪುರದವರಂತೂ ಅದಕ್ಕೆ ಮರಿಯನ್ನೂ ಸೇರಿಸಿದರು. ಯಾರು ಕಳಿಸಿದ್ದು ಅಂತ ಕೇಳಿದರೆ ಎಲ್ಲರ ಉತ್ತರವೂ ಒಂದೇ: ನಮ್ಮ ಭಾವಮೈದ. ಬೆಂಗಳೂರಿನ ಭಾವಮೈದನಿಗೆ ಅದು ಬಂದದ್ದು ಮೈಸೂರಿನ ಷಡ್ಡಕನಿಂದ. ಆ ಮೊದಲ ಒಬ್ಬನನ್ನು ಹಿಡಿಯಲು ಎಲ್ಲರ ಎಲ್ಲ ಮೆಸೇಜಿಗೂ ಗುರುತು ಹಾಕಿಡಬೇಕು. ಬೇರೆ ಯಾರೂ ಓದದಂತೆ ಮೆಸೇಜಿಗೆ ಹಾಕಿದ ಬೀಗ, ಅಂದರೆ ಎನ್‌ಕ್ರಿಪ್ಷನ್, ಮುರಿ ಅಂದರೆ ನಾವು ಹೊರಟೆವು ಎಂದು ವಾಟ್ಸ್ಆ್ಯಪ್ ಪರ ವಕೀಲರು 2024ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟಿಗೆ ಹೇಳಿಬಿಟ್ಟರು.

ಕಿವಿಗೊಡುವ ಚಟ ಒಂದೇ ಪಕ್ಷದ್ದಲ್ಲ, ಬಿಡಿ. 1988ರಲ್ಲಿ ಫೋನ್ ಕದ್ದಾಲಿಕೆ ಹಗರಣಕ್ಕೆ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿಯನ್ನೇ ಬಿಟ್ಟರು. ಆಗಿನ ಕಾಲದವರು ಸೂಕ್ಷ್ಮ. ಫೋನಿನೊಳಗೆ ನುಸುಳಿ ಬೇಹುಗಾರಿಕೆ ಮಾಡುವ ಪೆಗಾಸಸ್ ಕುತಂತ್ರಾಂಶದ ಗುರಿಯಾಗಿರಬಹುದಾದ ನಂಬರುಗಳು ಅಂತ 2021ರಲ್ಲಿ ಹೊರಬಂದ ಪಟ್ಟಿಯಲ್ಲಿ ಎಚ್.ಡಿ. ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಇಬ್ಬರ ಆಪ್ತ ಕಾರ್ಯದರ್ಶಿಗಳ ನಂಬರೂ ಇದ್ದವು. ಸುಪ್ರೀಂ ಕೋರ್ಟ್ ಸಮಿತಿ 29 ಫೋನ್ ಪರೀಕ್ಷಿಸಿ 5ರಲ್ಲಿ ಕುತಂತ್ರಾಂಶ ಕಂಡಿತು, ಅದು ಪೆಗಾಸಸ್ಸೇ ಅಂತ ಹೇಳಲಾಗಲಿಲ್ಲ. ಕೇಂದ್ರ ಸರ್ಕಾರ ಸಮಿತಿಗೆ ಸಹಕರಿಸಲಿಲ್ಲ ಎಂದು ಮುಖ್ಯ ನ್ಯಾಯಮೂರ್ತಿಗಳೇ ಹೇಳಿದರು. ರಾಜೀನಾಮೆ? ಸುಮ್ನಿರಿ. 2024ರಲ್ಲಿ ಕುಮಾರಸ್ವಾಮಿಯವರು ಮಂಡ್ಯದಿಂದ ಗೆದ್ದು ಅದೇ ಕೇಂದ್ರ ಸಂಪುಟ ಸೇರಿದರು.

ನನಗೆ ನಿಜವಾಗಿ ಮೆಚ್ಚುಗೆ ಇರುವುದು ಪರಿಶೀಲನಾ ಸಮಿತಿಯ ಮೇಲೆ. ಕದ್ದಾಲಿಸಲು ಕೊಟ್ಟ ಆದೇಶಗಳು ಸರಿಯಾ ಅಂತ ನೋಡುವವರು ಅವರು. ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿಯೇ ಅಧ್ಯಕ್ಷರು. ಡೇಟಾ ರಕ್ಷಣೆ ಬಗ್ಗೆ ಸರ್ಕಾರವೇ ನೇಮಿಸಿದ್ದ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿಯ 2018ರ ವರದಿ ಪ್ರಕಾರ, ಎರಡು ತಿಂಗಳಿಗೊಮ್ಮೆ ಸೇರುವ ಇವರ ಮುಂದೆ ಪ್ರತಿ ಸಭೆಗೆ 15,000ದಿಂದ 18,000 ಆದೇಶ. ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಟೀ ಕೂಡ ಕುಡಿಯದೆ ಕೂತರೂ ಒಂದಕ್ಕೆ ಎರಡು ಸೆಕೆಂಡ್ ಸಿಗಲ್ಲ. ಪಹಣಿಯಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ತಿದ್ದಿಸಲು ಚಪ್ಪಲಿ ಸವೆಸಿದವರೆಲ್ಲ ಈ ಸಮಿತಿಯನ್ನು ನಮ್ಮ ತಾಲ್ಲೂಕು ಕಚೇರಿಗೆ ವರ್ಗ ಮಾಡಿಸಿ ಅಂತ ಅರ್ಜಿ ಹಾಕಬೇಕು.

ನಗು ಬರಲ್ಲ, ನಿಜ ಹೇಳಬೇಕೆಂದರೆ. ಖಾಸಗಿತನ ನಮ್ಮ ಹಕ್ಕು ಅನ್ನಿಸಿಕೊಂಡಿದ್ದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಮನೆಯಲ್ಲಿ ಮೊಮ್ಮಕ್ಕಳ ಜೊತೆ ಇರಬೇಕಾದ ವಯಸ್ಸು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೌದು ಅಂದರು. 2023ರಲ್ಲಿ ಡೇಟಾ ರಕ್ಷಣೆ ಕಾನೂನು ಮಾಡಿದರು, ಸರ್ಕಾರ ತನಗೆ ಬೇಕಾದ ಸಂಸ್ಥೆಗಳನ್ನು ಅದರಿಂದ ಹೊರಗಿಡಬಹುದು ಅಂತ ಅದರಲ್ಲೇ ಬರೆದುಕೊಂಡರು. ಪುಟ್ಟಸ್ವಾಮಿ 2024ರಲ್ಲಿ ತೀರಿಕೊಂಡರು. ನಿಮ್ಮ ಫೋನಿಗೆ ಕಿವಿಗೊಟ್ಟಿದ್ದರೆ ಅದನ್ನು ನಿಮಗೆ ಯಾವತ್ತೂ ಯಾರೂ ತಿಳಿಸಬೇಕಾಗಿಲ್ಲ. ಕಡತವನ್ನು, ಬೇಕಾದ್ದು ಬಿಟ್ಟು, ಆರು ತಿಂಗಳಿಗೊಮ್ಮೆ ನಾಶ ಮಾಡಬೇಕು ಅಂತ ನಿಯಮವೇ ಇದೆ. ಈ ಒಂದು ನಿಯಮವನ್ನಂತೂ ಅವರು ತಪ್ಪದೆ ಪಾಲಿಸುತ್ತಾರೆ ಅಂತ ನನಗೆ ಪೂರ್ತಿ ನಂಬಿಕೆ.