ನಿಸಿನ್ ಒಂದೇ ಸಾಲದು

ಒಳ್ಳೆಯ ಬ್ಯಾಕ್ಟೀರಿಯಾಗಳಿದ್ದರೆ ಆಹಾರ ಕೆಡದಂತೆ ಕಾಯಲು ರಾಸಾಯನಿಕ ಸಂರಕ್ಷಕಗಳೇ ಬೇಡ, ಅವನ್ನು ಪೂರ್ತಿ ಕೈಬಿಡಬಹುದು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ನಾನು ಅರ್ಧ ಒಪ್ಪುತ್ತೇನೆ. ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಹಾರವನ್ನು ಹುಳಿ ಮಾಡುತ್ತವೆ, ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತದೆ) 4.6ಕ್ಕಿಂತ ಕೆಳಗಿಳಿದರೆ ಬಾಟ್ಯುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ತರುವ ರೋಗಾಣು ಬೆಳೆಯಲಾರದು. ಇವುಗಳಲ್ಲೊಂದಾದ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ತಯಾರಿಸುವ, ಬೇರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ನಿಸಿನ್ ಎಂಬ ವಸ್ತುವಿನ ಕೆಲಸ ಇನ್ನೂ ಸ್ವಾರಸ್ಯದ್ದು. ಎದುರಾಳಿ ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿ ಕಟ್ಟಲು ಬಳಸುವ ಅಣುವನ್ನೇ ಹಿಡಿದುಕೊಂಡು, ಅಲ್ಲೇ ಪೊರೆಗೆ ತೂತು ಕೊರೆಯುತ್ತದೆ. ಒಳಗಿನದು ಸೋರಿ ಅದು ಸಾಯುತ್ತದೆ. ಫ್ರಿಜ್ಜಿನ ತಂಪಿನಲ್ಲೂ ಬೆಳೆಯುವ ಲಿಸ್ಟೀರಿಯಾ ಎಂಬ ರೋಗಾಣುವನ್ನೂ ಇದು ಬಿಡುವುದಿಲ್ಲ. ಚೀಸ್ ಪೊಟ್ಟಣದ ಮೇಲೆ ಇ234 ಎಂಬ ಸಂರಕ್ಷಕದ ನಂಬರ್ ಇದ್ದರೆ ಅದು ಈ ನಿಸಿನ್ನೇ. (ನಂಬರ್ ಕಂಡ ಕೂಡಲೇ ವಿಷ ಎಂದು ಹೌಹಾರುವವರು ಗಮನಿಸಿ.)

ಆದರೆ ಆಹಾರದಿಂದ ಕಾಯಿಲೆ ತರಬಲ್ಲ ಸಾಲ್ಮೊನೆಲ್ಲಾ, ಇ. ಕೋಲೈ ಬ್ಯಾಕ್ಟೀರಿಯಾಗಳಿಗೆ ಹೊರಗೆ ಇನ್ನೊಂದು ಪೊರೆ ಇದೆ; ನಿಸಿನ್ ಒಂದರಿಂದಲೇ ಅದನ್ನು ದಾಟುವುದು ಕಷ್ಟ. ಬೂಷ್ಟಿನ ಮುಂದಂತೂ ಅದರ ಆಟ ನಡೆಯುವುದೇ ಇಲ್ಲ. ಹುಳಿ, ಉಪ್ಪು, ತಂಪು ಎಲ್ಲವನ್ನೂ ಜೊತೆಗೂಡಿಸಿ ರಾಸಾಯನಿಕದ ಪ್ರಮಾಣ ಇಳಿಸಬಹುದು ಎಂದಿದ್ದರೆ ತಕರಾರಿರಲಿಲ್ಲ. 'ಪೂರ್ತಿ ಕೈಬಿಡಬಹುದು' ಎಂದದ್ದು ಯಾವ ಯಾವ ಆಹಾರಕ್ಕೆ, ಎಷ್ಟು ದಿನದ ಬಾಳಿಕೆಗೆ? ಲೇಖಕರು ದಯವಿಟ್ಟು ತಿಳಿಸಲಿ.