ಅಡ್ಡಗೋಡೆಯ ಮೇಲಿನ ದೀಪ

ಪ್ರಶ್ನೆ: ಸಂದಿಗ್ಧವಾಗಿ ಮುಗಿಯುವ ಸಿನಿಮಾಕ್ಕೆ ‘ಸರಿಯಾದ ಅರ್ಥ’ ಅಂತ ಒಂದು ಇರುತ್ತದೆಯೇ?

ಪರ: ಬುಗುರಿ ಬಿಡಿ, ಬೆರಳು ನೋಡಿ

ಮೇಜಿನ ಮೇಲೆ ಬುಗುರಿ ತಿರುಗುತ್ತಿದೆ. ತಿರುಗಿಸಿದವನು ಅದರತ್ತ ಕಣ್ಣೂ ಹಾಯಿಸದೆ ಮಕ್ಕಳ ಕಡೆ ಹೋಗಿಬಿಟ್ಟಿದ್ದಾನೆ. ಬುಗುರಿ ಬಿದ್ದರೆ ಎಚ್ಚರ, ಬೀಳದೆ ತಿರುಗುತ್ತಲೇ ಇದ್ದರೆ ಕನಸು ಎಂದು ಎರಡು ಗಂಟೆಗೂ ಮೀರಿ ನಮಗೆ ಪಾಠ ಹೇಳಿದ ಸಿನಿಮಾ, ಅದು ತುಸು ಓಲಾಡಿತು ಅನ್ನುವಷ್ಟರಲ್ಲಿ ತೆರೆಯನ್ನು ಕಪ್ಪು ಮಾಡಿಬಿಡುತ್ತದೆ. ಕ್ರಿಸ್ಟೋಫರ್ ನೋಲನ್ ನಿರ್ದೇಶನದ ‘ಇನ್ಸೆಪ್ಷನ್’ ಬಂದದ್ದು 2010ರಲ್ಲಿ. ಆ ಕಪ್ಪು ತೆರೆಯ ಮುಂದೆ ಶುರುವಾದ ಜಗಳ ಇನ್ನೂ ಮುಗಿದಿಲ್ಲ.

ಈ ಜಗಳದಲ್ಲಿ ನನಗೆ ಸಿಟ್ಟು ಬರುವುದು ಕನಸು ಅನ್ನುವವರ ಮೇಲೂ ಅಲ್ಲ, ಎಚ್ಚರ ಅನ್ನುವವರ ಮೇಲೂ ಅಲ್ಲ. ನಡುವೆ ಬಂದು ‘ಅವರವರ ಭಾವಕ್ಕೆ, ಅವರವರ ಭಕುತಿಗೆ ಬಿಡಿ’ ಎಂದು ರಾಜಿ ಮಾಡಿಸುವವರ ಮೇಲೆ. ಕೇಳಲು ಉದಾರವಾದ ಮಾತು ಅದು. ಹಾಗೆ ಹೇಳಿದವರನ್ನು ‘ಎಷ್ಟು ಸಲ ನೋಡಿದ್ದೀರಿ’ ಎಂದು ಕೇಳಿ. ಹೆಚ್ಚಿನವರು ಒಂದೇ ಸಲ ನೋಡಿ ಎದ್ದುಬಂದಿರುತ್ತಾರೆ.

ಎರಡನೇ ಸಲ ನೋಡುವಾಗ ನಾನು ಬುಗುರಿಯ ಗೊಡವೆ ಬಿಟ್ಟು ನಾಯಕ ಕಾಬ್‌ನ ಕೈ ನೋಡುತ್ತ ಕೂತೆ. ಕನಸಿನ ದೃಶ್ಯಗಳಲ್ಲಿ ಅವನ ಬೆರಳಲ್ಲಿ ಮದುವೆಯುಂಗುರ ಇರುತ್ತದೆ, ಎಚ್ಚರದ ದೃಶ್ಯಗಳಲ್ಲಿ ಇರುವುದಿಲ್ಲ. ಹೆಂಡತಿ ತೀರಿಕೊಂಡಿದ್ದಾಳೆ. ಕನಸಿನಲ್ಲಿ ಮಾತ್ರ ಅವನಿನ್ನೂ ಅವಳ ಗಂಡ. ಕೊನೆಯಲ್ಲಿ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತೋರಿಸುವ ಕೈ ಬರಿದಾಗಿದೆ. ಆಮೇಲೆ ಮಕ್ಕಳ ವಿಷಯಕ್ಕೆ ಬನ್ನಿ. ಅವನ ನೆನಪಿನಲ್ಲಿ ಮತ್ತೆ ಮತ್ತೆ ಬರುವ, ಮುಖ ತೋರಿಸದ ಆ ಇಬ್ಬರು ಮಕ್ಕಳ ಪಾತ್ರಕ್ಕೆ ಚಿತ್ರದ ಕೊನೆಯ ಹೆಸರುಪಟ್ಟಿಯಲ್ಲಿ ಎರಡು ಜೊತೆ ಬಾಲನಟರಿದ್ದಾರೆ, ವಯಸ್ಸಿನ ಸಮೇತ. ಒಂದು ಜೊತೆ ಚಿಕ್ಕವರು, ಇನ್ನೊಂದು ಜೊತೆ ಅವರಿಗಿಂತ ದೊಡ್ಡವರು. ನೆನಪಿನಲ್ಲಿ ಮಕ್ಕಳು ಬೆಳೆಯುವುದಿಲ್ಲ, ಮನೆಯಲ್ಲಿ ಬೆಳೆಯುತ್ತಾರೆ. ಬೆಳೆದಿಲ್ಲವೆಂದರೆ ಎರಡನೇ ಜೊತೆ ಯಾಕೆ ಬೇಕಿತ್ತು?

ಇನ್ನು ಆ ಬುಗುರಿ. ಅದು ಅವನದ್ದೇ ಅಲ್ಲ, ಹೆಂಡತಿಯದ್ದು. ಹಾಗೆಂದು ಅವನೇ ಹೇಳುತ್ತಾನೆ. ಕನಸೋ ಎಚ್ಚರವೋ ಎಂದು ತಿಳಿಯಲು ಇಟ್ಟುಕೊಂಡ ಅವರವರ ಗುರುತಿನ ವಸ್ತುವನ್ನು ಬೇರೆಯವರು ಮುಟ್ಟಬಾರದು ಎಂಬ ನಿಯಮವೂ ಚಿತ್ರದಲ್ಲೇ ಇದೆ. ಅಂದಮೇಲೆ ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದ್ದು ಗಾರುಡಿಗ ಮುಂದೆ ಚಾಚಿದ ಕೈಯನ್ನು. ಕೆಲಸ ನಡೆದದ್ದು ಇನ್ನೊಂದು ಕೈಯಲ್ಲಿ. ಕಾಬ್‌ನ ಮಾವನ ಪಾತ್ರ ಮಾಡಿದ ಮೈಕೇಲ್ ಕೇನ್ 2018ರಲ್ಲಿ ಒಂದು ಪ್ರದರ್ಶನಕ್ಕೆ ಮುಂಚೆ ನೆನಪಿಸಿಕೊಂಡರು: ಯಾವುದು ಕನಸು, ಯಾವುದು ನಿಜ ಎಂದು ಚಿತ್ರಕಥೆ ಓದಿ ಗೊಂದಲವಾದಾಗ, ನೀವಿರುವ ದೃಶ್ಯವೆಲ್ಲ ನಿಜ ಎಂದು ನಿರ್ದೇಶಕರು ಹೇಳಿದರಂತೆ. ಕೊನೆಯ ದೃಶ್ಯದಲ್ಲಿ ಅವರಿದ್ದಾರೆ.

ಬಾಯಿಬಿಟ್ಟು ಹೇಳದ ಮಾತಿಗೆಲ್ಲ ಯಾವ ಅರ್ಥವಾದರೂ ಆದೀತು ಎಂಬ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ. ನಮ್ಮ ಕಾವ್ಯಮೀಮಾಂಸೆಯಿಂದಂತೂ ಅಲ್ಲ. ಒಂಬತ್ತನೇ ಶತಮಾನದ ಆನಂದವರ್ಧನ ಧ್ವನಿಗೆ, ಅಂದರೆ ಹೇಳದೆಯೇ ಹೊಳೆಯುವ ಅರ್ಥಕ್ಕೆ, ಕೊಡುವ ಹೆಸರಾಂತ ಉದಾಹರಣೆ ನೋಡಿ. ನದೀತೀರದ ಪೊದೆಯ ಕಡೆ ಸುಳಿದಾಡುವ ಭಕ್ತನೊಬ್ಬನಿಗೆ ಹೆಣ್ಣೊಬ್ಬಳು, ‘ಇನ್ನು ನಿಶ್ಚಿಂತೆಯಿಂದ ತಿರುಗಾಡಪ್ಪ, ನಿನ್ನನ್ನು ಕಾಡುತ್ತಿದ್ದ ನಾಯಿಯನ್ನು ಅಲ್ಲಿ ವಾಸವಾಗಿರುವ ಸಿಂಹ ಕೊಂದುಹಾಕಿತು’ ಅನ್ನುತ್ತಾಳೆ. ಬಾಯಲ್ಲಿ ‘ಹೋಗು’ ಎಂದಿದೆ, ಅರ್ಥ ‘ಹೋಗಬೇಡ’. ಅದು ಅವಳು ನಲ್ಲನನ್ನು ಕೂಡುವ ಜಾಗ, ಅಲ್ಲಿಗೆ ಬೇರೆಯವರು ಬರಬಾರದು. ಇದನ್ನು ಕೇಳಿ ‘ಹೋಗು ಅಂತಲೂ ಆಗಬಹುದು, ಬೇಡ ಅಂತಲೂ ಆಗಬಹುದು, ಕೇಳುಗನಿಗೆ ಬಿಟ್ಟದ್ದು’ ಎಂದವನನ್ನು ಯಾರೂ ಸಹೃದಯ ಅನ್ನಲಿಲ್ಲ. ಬಹುಶಃ ಅವನನ್ನು ಸಿಂಹ ತಿಂದಿತು.

ಕಿರುತೆರೆಯ ಉದಾಹರಣೆ ಇನ್ನೂ ಖಡಾಖಂಡಿತ. ‘ದಿ ಸೊಪ್ರಾನೋಸ್’ ಧಾರಾವಾಹಿಯ ಕೊನೆಯ ಕಂತು 2007ರ ಜೂನ್ 10ರಂದು ಪ್ರಸಾರವಾಯಿತು. ಮಾಫಿಯಾ ಪಾತಕಿ ಟೋನಿ ಹೋಟೆಲಿನಲ್ಲಿ ಹೆಂಡತಿ ಮಗನ ಜೊತೆ ಕೂತಿದ್ದಾನೆ, ಹೊರಗೆ ಮಗಳು ಕಾರು ನಿಲ್ಲಿಸಲು ಒದ್ದಾಡುತ್ತಿದ್ದಾಳೆ, ಒಬ್ಬ ಅಪರಿಚಿತ ಶೌಚಾಲಯದ ಕಡೆ ಹೋಗುತ್ತಾನೆ, ಬಾಗಿಲ ಗಂಟೆ ಸದ್ದಾಗುತ್ತದೆ, ಟೋನಿ ತಲೆ ಎತ್ತುತ್ತಾನೆ, ಕಪ್ಪು. ಸುಮಾರು ಹತ್ತು ಸೆಕೆಂಡು ಚಿತ್ರವಿಲ್ಲ, ಸದ್ದಿಲ್ಲ. ಕೇಬಲ್ ಕೈಕೊಟ್ಟಿತೆಂದು ಶಪಿಸಿದವರು ಅಸಂಖ್ಯ. ಆದರೆ ಕೆಲವು ಕಂತುಗಳ ಹಿಂದೆಯೇ, ದೋಣಿಯಲ್ಲಿ ಕೂತ ಸಹಚರ ಬಾಬಿ ಟೋನಿಗೆ ಹೇಳಿದ ಮಾತಿದೆ: ಸಾವು ಬಂದಾಗ ಪ್ರಾಯಶಃ ಸದ್ದೂ ಕೇಳಿಸುವುದಿಲ್ಲ. ಕೊನೆಯ ಕಂತಿನ ಹಿಂದಿನ ಕಂತಿನಲ್ಲಿ ಅದನ್ನು ಮತ್ತೊಮ್ಮೆ ನೆನಪಿಸಿದ್ದಾರೆ ಕೂಡ. ಇಷ್ಟು ನೆಟ್ಟ ಮೇಲೂ ಬೆಳೆ ಕಾಣಲಿಲ್ಲ ಅನ್ನುವವರಿಗೆ ಏನು ಹೇಳುವುದು? ಎಷ್ಟೋ ವರ್ಷ ಬಾಯಿ ಬಿಗಿಹಿಡಿದಿದ್ದ ಸೃಷ್ಟಿಕರ್ತ ಡೇವಿಡ್ ಚೇಸ್ ಅವರ ಬಾಯಿಂದಲೂ ಒಂದು ಸಂದರ್ಶನದಲ್ಲಿ ‘ಸಾವಿನ ದೃಶ್ಯ’ ಎಂಬ ಮಾತು ಜಾರಿಯೇಬಿಟ್ಟಿತು.

ಅರ್ಥ ಇರುವುದು ನೋಡುಗನ ತಲೆಯಲ್ಲಿ ಮಾತ್ರ ಅನ್ನುವವರು ‘ಬ್ಲೇಡ್ ರನ್ನರ್’ಗೆ ಉತ್ತರ ಕೊಡಬೇಕು. 1982ರ ಆವೃತ್ತಿ ನೋಡಿದವರಲ್ಲಿ ಕೃತಕ ಮನುಷ್ಯರನ್ನು ಬೇಟೆಯಾಡುವ ನಾಯಕ ಡೆಕರ್ಡ್ ಸ್ವತಃ ಕೃತಕ ಮನುಷ್ಯನಿರಬಹುದೇ ಎಂಬ ಅನುಮಾನ ಪಟ್ಟವರು ಕಡಿಮೆ. 1992ರ ನಿರ್ದೇಶಕರ ಆವೃತ್ತಿಯಲ್ಲಿ ಒಂಟಿಕೊಂಬಿನ ಕುದುರೆಯ ಕನಸೊಂದು ಸೇರಿತು. ಕೆಲವೇ ಸೆಕೆಂಡುಗಳ ತುಣುಕು ಅದು. ಕೊನೆಯಲ್ಲಿ ಪೊಲೀಸಿನವನು ಬಿಟ್ಟುಹೋಗುವ ಅಂಥದೇ ಕಾಗದದ ಕುದುರೆಗೆ ಅದರಿಂದ ಬೇರೆಯೇ ಅರ್ಥ ಬಂತು: ನಿನ್ನ ಕನಸು ಏನೆಂದು ನಮಗೆ ಗೊತ್ತು, ಯಾಕೆಂದರೆ ಅದನ್ನು ಒಳಗಿಟ್ಟವರು ನಾವೇ. ಎಲ್ಲವೂ ನಮ್ಮ ಭಾವವೇ ಆಗಿದ್ದರೆ ಇಷ್ಟು ಚಿಕ್ಕ ತುಣುಕು ಅಷ್ಟು ಜನರ ಅಭಿಪ್ರಾಯವನ್ನು ಹೇಗೆ ತಿರುಗಿಸಿತು?

ಒಂದು ಮಾತು ಒಪ್ಪುತ್ತೇನೆ. ಉತ್ತರವೇ ಇಲ್ಲದ ಓಪನ್ ಎಂಡಿಂಗ್‌ಗಳು ಬೇಕಾದಷ್ಟಿವೆ. ಕಥೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಕೈಚೆಲ್ಲಿದ ನಿರ್ದೇಶಕರು ‘ಪ್ರೇಕ್ಷಕರಿಗೆ ಬಿಟ್ಟಿದ್ದೇನೆ’ ಅನ್ನುತ್ತಾರೆ. ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದೇ. ಯಾವ ಅರ್ಥವೂ ಇನ್ನೊಂದಕ್ಕಿಂತ ಹೆಚ್ಚು ಸರಿಯಲ್ಲ ಎಂದು ನಾವು ಒಪ್ಪಿಬಿಟ್ಟರೆ ಉಂಗುರ, ದೋಣಿಯ ಮಾತು, ಕಾಗದದ ಕುದುರೆ ಎಲ್ಲವನ್ನೂ ಲೆಕ್ಕಹಾಕಿ ಇಟ್ಟವರನ್ನೂ ಈ ಕೈಚೆಲ್ಲಿದವರನ್ನೂ ಒಂದೇ ತಕ್ಕಡಿಗೆ ಹಾಕಿದಂತೆ. ಶ್ರಮಪಟ್ಟವರಿಗೆ ನಾವು ತೀರಿಸಬೇಕಾದ ಋಣ ಇದಲ್ಲ.

ವಿರೋಧ: ಉಂಗುರ ಸಿಕ್ಕಿತು, ಆಮೇಲೆ?

ಉಂಗುರ ನಾನೂ ನೋಡಿದ್ದೇನೆ. ಪಾಸ್‌ಪೋರ್ಟ್ ಹಿಡಿದ ಕೈಯಲ್ಲಿ ಅದಿಲ್ಲ ಎಂಬುದರಲ್ಲಿ ತಕರಾರಿಲ್ಲ. ಆದರೆ ನೋಲನ್ ಕೊನೆಯ ಶಾಟ್ ಇಟ್ಟದ್ದು ಬೆರಳಿನ ಮೇಲಲ್ಲ, ಬುಗುರಿಯ ಮೇಲೆ. ಅದೂ ಅದು ಬೀಳುವ ಮುನ್ನ. ಉತ್ತರವೇ ಮುಖ್ಯವಾಗಿದ್ದರೆ ಇನ್ನೆರಡು ಸೆಕೆಂಡು ಕಾಯಲು ಅವರಿಗೇನು ಕಷ್ಟವಿತ್ತು? ಹುಡುಕಿ ತೆಗೆದ ಉತ್ತರ ಸರಿಯೇ ಇರಬಹುದು, ಚಿತ್ರ ಕೇಳಿದ ಪ್ರಶ್ನೆ ಮಾತ್ರ ಅದಲ್ಲ. ಬದುಕಿಡೀ ಆ ಬುಗುರಿಯನ್ನು ತಿರುಗಿಸಿ ತಿರುಗಿಸಿ ಪರೀಕ್ಷೆ ಮಾಡುತ್ತಿದ್ದ ಮನುಷ್ಯ ಇವತ್ತು ನೋಡದೆ ಹೋದ. ನಾವು ಹೋಗಲಾರೆವು. ಅವನಿಗೆ ಬೇಡವಾದ ಖಾತ್ರಿ ನಮಗೆ ಇನ್ನೂ ಬೇಕು. ಕಪ್ಪು ತೆರೆ ಹಿಡಿದದ್ದು ಈ ಅಂತರವನ್ನು. 2015ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪದವೀಧರರ ಮುಂದೆ ಮಾತಾಡುವಾಗ ನೋಲನ್ ಹೇಳಿದ್ದೂ ಇಷ್ಟೇ: ಅವನು ಮಕ್ಕಳ ಜೊತೆ ತನ್ನದೇ ವಾಸ್ತವದಲ್ಲಿದ್ದಾನೆ, ಅವನಿಗೆ ಇನ್ನು ಅದರ ಚಿಂತೆಯಿಲ್ಲ.

ಮೈಕೇಲ್ ಕೇನ್ ಅವರಿಗೆ ಹೇಳಿದ್ದು? ನಟನಿಗೆ ನಿಲ್ಲಲು ನೆಲ ಬೇಕು. ಯಾವ ನೆಲ ಎಂದು ನಿರ್ದೇಶಕ ಕಿವಿಯಲ್ಲಿ ಹೇಳುತ್ತಾನೆ. ಅದನ್ನು ತಂದು ತೀರ್ಪಿಗೆ ಸಾಕ್ಷಿ ಮಾಡಿದರೆ ‘ಬ್ಲೇಡ್ ರನ್ನರ್’ನಲ್ಲಿ ಯಾರ ಸಾಕ್ಷಿ ಎತ್ತಿಹಿಡಿಯುತ್ತೀರಿ? ಡೆಕರ್ಡ್ ಕೃತಕ ಮನುಷ್ಯ ಎಂದು ನಿರ್ದೇಶಕ ರಿಡ್ಲಿ ಸ್ಕಾಟ್ ಬಹಿರಂಗವಾಗಿಯೇ ಹೇಳಿದ್ದಾರೆ. ಆ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ ಬಹುಕಾಲ ಅವನು ಮನುಷ್ಯನೇ ಎಂದು ಪಟ್ಟುಹಿಡಿದಿದ್ದರು. ತೆರೆಯ ಮೇಲಿರುವುದು ಒಬ್ಬರ ಕೈಚಳಕ, ಇನ್ನೊಬ್ಬರ ಮುಖ. ನಿರ್ದೇಶಕನ ಮಾತೇ ಕಡೆಯದಾದರೆ, ಮನುಷ್ಯನೆಂದು ನಂಬಿ ಅಭಿನಯಿಸಿದ ಆ ಮುಖದಲ್ಲಿ ನಾವು ಕಂಡದ್ದು ಸುಳ್ಳೇ? ಕಾಗದದ ಕುದುರೆ ಜನರ ಅಭಿಪ್ರಾಯ ತಿರುಗಿಸಿತು ಅನ್ನುತ್ತಾರೆ ಎದುರಿನವರು. ನಾನು ಕಂಡಂತೆ ಅದು ತಿರುಗಿಸಿದ್ದಲ್ಲ, ಅಲುಗಾಡಿಸಿದ್ದು. ಇಲ್ಲದ ಅನುಮಾನ ಹುಟ್ಟಿಸಿತು. ತುಣುಕು ಸೇರಿದ ಮೇಲೆ ವಾದ ಮುಗಿಯಲಿಲ್ಲ, ಶುರುವಾಯಿತು. ಉತ್ತರ ಕೊಡುವ ತುಣುಕು ಹಾಗೆ ಮಾಡುವುದಿಲ್ಲ.

ಆನಂದವರ್ಧನನ ಸಿಂಹಕ್ಕೆ ನಾನೂ ಹೆದರುತ್ತೇನೆ. ಆದರೆ ಅದೇ ಅಲಂಕಾರಶಾಸ್ತ್ರದಲ್ಲಿ ಸಂದೇಹ ಎಂಬ ಅಲಂಕಾರವೇ ಇದೆ. ಇದು ಮುಖವೋ ಚಂದ್ರನೋ ಎಂದು ಕವಿ ಕೇಳುತ್ತಾನೆ. ಅದರಲ್ಲಿ ಮೂರು ಬಗೆ. ಕೊನೆಗೆ ಮುಖವೇ ಎಂದು ತೀರ್ಮಾನವಾದರೆ ಅದು ನಿಶ್ಚಯಾಂತ. ನಡುವೆ ನಿಶ್ಚಯ ಇಣುಕಿದರೆ ನಿಶ್ಚಯಗರ್ಭ. ಸಂದೇಹದಲ್ಲೇ ಮುಗಿದರೆ ಶುದ್ಧ. ಹೆಸರಿಟ್ಟವರು ಅರ್ಧಕ್ಕೆ ನಿಂತದ್ದಕ್ಕೆ ‘ಅಪೂರ್ಣ’ ಅನ್ನಲಿಲ್ಲ, ‘ಶುದ್ಧ’ ಅಂದರು. ಎದುರಿನವರು ಕೊಟ್ಟ ಮಾಫಿಯಾ ಕಥೆ ನಿಶ್ಚಯಾಂತವೇ ಇರಬಹುದು, ಅದನ್ನು ಅವರಿಗೇ ಬಿಟ್ಟುಕೊಡುತ್ತೇನೆ. ಎಲ್ಲ ಸಿನಿಮಾವನ್ನೂ ಅದೇ ಗೂಟಕ್ಕೆ ಕಟ್ಟಬಾರದು ಅಷ್ಟೆ.

ಜಪಾನಿನ ನಿರ್ದೇಶಕ ಕುರೊಸಾವಾ ಅವರ 1950ರ ‘ರಾಶೋಮಾನ್’ ತೆಗೆದುಕೊಳ್ಳಿ. ಸಮುರಾಯ್ ಒಬ್ಬ ಸತ್ತಿದ್ದಾನೆ. ಸಾಮಾನ್ಯವಾಗಿ ಆರೋಪಿಗಳು ‘ನಾನಲ್ಲ’ ಅನ್ನುತ್ತಾರೆ. ಇಲ್ಲಿ ಪ್ರತಿಯೊಬ್ಬರೂ ಅದನ್ನು ತಮ್ಮ ಮೇಲೇ ಎಳೆದುಕೊಳ್ಳುತ್ತಾರೆ. ನಾನೇ ವೀರನಂತೆ ಕಾದಾಡಿ ಕೊಂದೆ ಎಂದು ಡಕಾಯಿತ. ಎಚ್ಚರ ತಪ್ಪಿತು, ಕಣ್ಣು ಬಿಟ್ಟರೆ ನನ್ನ ಕಠಾರಿ ಅವನ ಎದೆಯಲ್ಲಿತ್ತು ಎಂದು ಹೆಂಡತಿ. ಮೈಮೇಲೆ ಬಂದ ಸತ್ತವನ ಆತ್ಮ ಹೇಳುವುದು, ನನ್ನನ್ನು ನಾನೇ ಕೊಂದುಕೊಂಡೆ. ನಾಲ್ಕನೆಯದಾಗಿ ಎಲ್ಲ ಕಂಡೆ ಅನ್ನುವ ಮರಕಡಿಯುವವನ ಕಥೆಯೂ ನಂಬಲರ್ಹವಲ್ಲ, ಅವನೇ ಅಲ್ಲಿಂದ ಕಠಾರಿ ಕದ್ದಿದ್ದಾನೆಂಬ ಗುಮಾನಿಯಿದೆ. ಈಗ ಪತ್ತೇದಾರನಂತೆ ಕೂತು ಕೊಂದವರು ಯಾರೆಂದು ಬಗೆಹರಿಸಿ ನೋಡಿ. ಬಗೆಹರಿದ ಕ್ಷಣ ಉಳಿದವರೆಲ್ಲ ಬರೀ ಸುಳ್ಳುಗಾರರಾಗುತ್ತಾರೆ. ತಾನು ಹೇಗಿದ್ದೆ ಎಂದು ನಂಬಿ ಬದುಕಬೇಕೋ ಹಾಗೆ ಕಥೆ ಕಟ್ಟಿಕೊಂಡ ಮನುಷ್ಯರು ಕಾಣದಂತಾಗುತ್ತಾರೆ.

ಆ ಚಿತ್ರೀಕರಣಕ್ಕೆ ಸ್ವಲ್ಪ ಮುಂಚೆ ಮೂವರು ಸಹಾಯಕ ನಿರ್ದೇಶಕರು ಕುರೊಸಾವಾ ತಂಗಿದ್ದ ಜಾಗಕ್ಕೆ ಬಂದು, ಚಿತ್ರಕಥೆ ಅರ್ಥವಾಗುತ್ತಿಲ್ಲ, ವಿವರಿಸಿ ಎಂದರಂತೆ. ಇನ್ನೊಮ್ಮೆ ಗಮನವಿಟ್ಟು ಓದಿ ಎಂದರೂ ಬಿಡಲಿಲ್ಲ. ಆಗ ಅವರು ಹೇಳಿದ್ದರಲ್ಲಿ ಕೊಲೆಗಾರನ ಹೆಸರಿರಲಿಲ್ಲ. ಮನುಷ್ಯರು ತಮ್ಮ ಬಗ್ಗೆ ತಮಗೇ ಪ್ರಾಮಾಣಿಕರಾಗಿರಲಾರರು, ಬಣ್ಣ ಹಚ್ಚದೆ ಮಾತಾಡಲಾರರು, ಈ ಚಿತ್ರ ಅಂಥವರದ್ದು ಎಂದರು. ಇಬ್ಬರಿಗೆ ಸಮಾಧಾನವಾಯಿತು. ಮೂರನೆಯವರು ಮುಖ ಗಂಟುಹಾಕಿಕೊಂಡೇ ಹೋದರು. ಆತ್ಮಕಥೆಯಲ್ಲಿ ಅವರು ಬರೆದ ಈ ಪ್ರಸಂಗ ನೆನಪಾದಾಗಲೆಲ್ಲ ನನಗೆ ಆ ಮೂರನೆಯವರ ಮೇಲೆ ಅಕ್ಕರೆ. ಅವರಿಗೆ ಬೇಕಿದ್ದದ್ದು ಒಂದು ಹೆಸರು.

ಕೈಚೆಲ್ಲಿದ ನಿರ್ದೇಶಕರನ್ನು ಪತ್ತೆ ಮಾಡಲು ಸರಿಯುತ್ತರ ಬೇಕು ಎಂಬ ವಾದಕ್ಕೆ ಹೆಚ್ಚು ಹೇಳಬೇಕಿಲ್ಲ. ಎರಡು ಸಾಧ್ಯತೆಗಳನ್ನೂ ಚಿತ್ರ ಮೊದಲಿಂದ ಸಾಕಿ ಬೆಳೆಸಿದೆಯೇ ಎಂದು ನೋಡಿದರೆ ಸಾಕು. ಕೊನೆಯ ನಿಮಿಷದಲ್ಲಿ ಎಲ್ಲಿಂದಲೋ ಹಾರಿಬಂದ ಸಂದೇಹ ಸೋಗು. ಅದಕ್ಕೆ ಉತ್ತರ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ.

ಬೇತಾಳನ ಕಥೆಯಲ್ಲಿ ರಾಜ ಸರಿಯುತ್ತರ ಹೇಳಿದಾಗಲೆಲ್ಲ ಬೇತಾಳ ಹೆಗಲಿಂದ ಹಾರಿ ಮತ್ತೆ ಮರ ಸೇರುತ್ತಿತ್ತು. ತಾಯಿ ಮಗಳನ್ನು ತಂದೆ ಮಗ ಅದಲುಬದಲಾಗಿ ಮದುವೆಯಾದರೆ ಹುಟ್ಟುವ ಮಕ್ಕಳು ಪರಸ್ಪರ ಏನಾಗಬೇಕು ಎಂಬ ಕಡೆಯ ಪ್ರಶ್ನೆಗೆ ರಾಜನಿಗೆ ಮಾತು ಹೊರಡಲಿಲ್ಲ. ಹೊತ್ತುಕೊಂಡು ಸುಮ್ಮನೆ ನಡೆದ. ಆವತ್ತು ಮಾತ್ರ ಬೇತಾಳ ಹೆಗಲ ಮೇಲೇ ಉಳಿಯಿತು.

ಇನ್ನು ಅಡ್ಡಗೋಡೆಯ ಮೇಲಿನ ದೀಪ. ಬೈಗುಳವಾಗಿಯೇ ಬಳಸುತ್ತೇವೆ ನಾವು ಅದನ್ನು, ಗೋಡೆಯ ಮೇಲಿಟ್ಟ ದೀಪದ ಬೆಳಕು ಎರಡೂ ಕೋಣೆಗೆ ಬೀಳುತ್ತದೆ ಎಂಬುದನ್ನು ಮರೆತು. ಸತ್ಯಜಿತ್ ರೇ ಅವರ 1964ರ ‘ಚಾರುಲತಾ’ ಮುಗಿಯುವುದನ್ನು ನೋಡಿ. ಹೆಂಡತಿಯ ಮನಸ್ಸು ತನ್ನ ತಮ್ಮನಂಥವನ ಮೇಲಿದೆ ಎಂದು ತಿಳಿದ ಭೂಪತಿ ಹೊರಗೆಲ್ಲ ಅಲೆದು ಮನೆಗೆ ಮರಳಿದ್ದಾನೆ. ಚಾರು ಬಾಗಿಲಲ್ಲಿ ನಿಂತು ಬಾ ಎಂದು ಕೈ ಚಾಚುತ್ತಾಳೆ. ಅವನೂ ಕೈ ಚಾಚುತ್ತಾನೆ. ಬೆರಳುಗಳ ನಡುವೆ ಕೊಂಚ ಜಾಗ ಇರುವಾಗಲೇ ಚಿತ್ರ ಸ್ತಬ್ಧವಾಗುತ್ತದೆ. ಆಮೇಲೆ ಬರುವುದೆಲ್ಲ ನಿಂತ ಚಿತ್ರಗಳೇ. ಅರ್ಧ ಬೆಳಕಿನಲ್ಲಿ ಅವಳ ಮುಖ, ಅರ್ಧ ಬೆಳಕಿನಲ್ಲಿ ಅವನ ಮುಖ, ಮತ್ತು ಅವಳೇ ಕೂಗಿ ತರಿಸಿದ ದೀಪವನ್ನು ಹಿಡಿದು, ಇಬ್ಬರ ನಡುವೆ ಏನು ನಡೆಯುತ್ತಿದೆ ಎಂದು ತಿಳಿಯದೆ ನಿಂತ ಮುದುಕ ಆಳು.